ಆರು ಇಂಟರ್ನ್‌ಶಿಪ್ ವರದಿಗಳು, ಒಂದು ವೀರಗಲ್ಲು

ಕಳೆದ ಜೂನ್‌ನಲ್ಲಿ ಒಂದು ಇತಿಹಾಸ ಮ್ಯೂಸಿಯಂನಿಂದ ಫೋನ್ ಬಂತು. ಬೇಸಿಗೆಯಲ್ಲಿ ಆರು ಜನ ಪದವಿ ವಿದ್ಯಾರ್ಥಿಗಳು ಅಲ್ಲಿ "ಸಂಶೋಧನೆ ಮತ್ತು ಶಿಕ್ಷಣ" ಅನ್ನೋ ಹೆಸರಿನ ಇಂಟರ್ನ್‌ಶಿಪ್ ಮುಗಿಸಿದ್ದರು. ಆರೂ ಜನಕ್ಕೆ ಕೊಟ್ಟಿದ್ದು ಶಿಲ್ಪ-ಶಾಸನಗಳ ಅಂಗಳ. ಹೊರಗಿನವರೊಬ್ಬರು ವರದಿಗಳನ್ನು ಓದಿ ಎರಡು ಪುಟ ಅಭಿಪ್ರಾಯ ಬರೆದುಕೊಡಬೇಕು, ಸರ್ ನೀವೇ ನೋಡಿಬಿಡಿ ಅಂದರು. ಆರರಲ್ಲಿ ಒಬ್ಬ ಹುಡುಗಿ ಮಧ್ಯೆ ಮಧ್ಯೆ ನನಗೆ ಫೋನ್ ಮಾಡಿ ಅನುಮಾನ ಕೇಳುತ್ತಿದ್ದಳು, ಅದು ಅವರಿಗೂ ಗೊತ್ತಿತ್ತು. ಒಪ್ಪಿಕೊಂಡೆ.

ಅವರಿಗೆ ಬರೆದುಕೊಟ್ಟ ಎರಡು ಪುಟದಲ್ಲಿ ಹಿಡಿಸದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳ ಒಪ್ಪಿಗೆ ಕೇಳಿದ್ದೇನೆ. ಮ್ಯೂಸಿಯಂ ಹೆಸರು, ಕಾಲೇಜಿನ ಹೆಸರು ಬೇಕಿಲ್ಲ. ನಾನು ನೋಡಿರುವ ಬೇರೆ ಕಡೆಗಳ ವರದಿಗಳೂ ಹೆಚ್ಚುಕಮ್ಮಿ ಹೀಗೇ ಇವೆ. ಹೆಸರು ಹೇಳಿದರೆ ಚರ್ಚೆ ಒಂದು ಕಟ್ಟಡದ ಬಗ್ಗೆ ಆಗಿಬಿಡುತ್ತೆ, ಆಗಬೇಕಾದ್ದು ಪದ್ಧತಿಯ ಬಗ್ಗೆ.

ಮೊದಲು ಐದು ವರದಿಗಳ ಮಾತು.

ಐದಕ್ಕೂ ಒಂದೇ ಅಚ್ಚು. ಪ್ರಮಾಣಪತ್ರ, ಘೋಷಣೆ, ಕೃತಜ್ಞತೆ ಎರಡು ಪುಟ. ಆಮೇಲೆ "ವಸ್ತುಸಂಗ್ರಹಾಲಯ ಎಂದರೇನು" ಅನ್ನುವ ಅಧ್ಯಾಯ. ಆಮೇಲೆ ಮ್ಯೂಸಿಯಂನ ಇತಿಹಾಸ, ಅದು ಅಲ್ಲಿನ ಕರಪತ್ರದಿಂದ ಇಳಿಸಿದ್ದು. ಆಮೇಲೆ "ಕರ್ನಾಟಕದ ಶಾಸನಗಳು: ಒಂದು ಅವಲೋಕನ", ಅದು ನಾಲ್ಕು ವರದಿಗಳಲ್ಲಿ ವಾಕ್ಯಕ್ಕೆ ವಾಕ್ಯ ಒಂದೇ. ಕೊನೆಗೆ ಕೋಷ್ಟಕ. ಒಬ್ಬನ ಕೋಷ್ಟಕದಲ್ಲಿ 34 ಕಲ್ಲುಗಳಿವೆ. ಅಂಕಣಗಳು: ಕ್ರಮಸಂಖ್ಯೆ, ವಸ್ತು, ಕಾಲ, ಮಾಧ್ಯಮ, ಫೋಟೊ. ಸಾಲು ಸಾಲಿಗೂ "ವೀರಗಲ್ಲು, 10ನೇ ಶತಮಾನ, ಕಲ್ಲು" ಅಂತ ಇದೆ. ಕಲ್ಲು ಕಲ್ಲಿನದು ಅಂತ 34 ಸಲ ಬರೆಯೋಕೆ ಎರಡು ತಿಂಗಳು!

ಹುಡುಗನನ್ನು ಹಂಗಿಸೋಕೆ ಈ ಮಾತು ಹೇಳ್ತಿಲ್ಲ. ಅವನಿಗೆ ಆ ನಮೂನೆಯನ್ನು ಕೊಟ್ಟವರು ಮ್ಯೂಸಿಯಂನವರು. ಕುಡಿಕೆ, ನಾಣ್ಯ, ಕತ್ತಿ, ಚಿತ್ರಪಟ ಎಲ್ಲಕ್ಕೂ ಒಂದೇ ನಮೂನೆ. ಅದರಲ್ಲಿ ಶಾಸನಕ್ಕೆ ಬೇಕಾದ ಒಂದು ಅಂಕಣವೂ ಇಲ್ಲ. ಎಷ್ಟು ಸಾಲು? ಎಲ್ಲಿ ಒಡೆದಿದೆ? ಬರಹ ಕಲ್ಲಿನ ಯಾವ ಭಾಗದಲ್ಲಿದೆ, ಪಟ್ಟಿಕೆಗಳ ನಡುವೆಯೋ, ಹಿಂದೆಯೋ, ಪಕ್ಕದಲ್ಲೋ? ಉದ್ದ, ಅಗಲ ಎಷ್ಟು? ಪ್ರಕಟವಾಗಿದೆಯೇ, ಆಗಿದ್ದರೆ ಯಾವ ಸಂಪುಟ, ಯಾವ ನಂಬರು? ಮೂಲ ಊರು ಯಾವುದು? ಇದ್ಯಾವುದನ್ನೂ ಕೇಳದ ನಮೂನೆಯನ್ನು ತುಂಬಲು ಹಳಗನ್ನಡದ ಒಂದಕ್ಷರವೂ ಬರಬೇಕಾಗಿಲ್ಲ. ಕಲ್ಲಿನ ಹತ್ತಿರ ಹೋಗಬೇಕಾಗೂ ಇಲ್ಲ, ಪಕ್ಕದಲ್ಲಿ ನೇತುಹಾಕಿರುವ ಲೇಬಲ್ ಸಾಕು.

ನಿಜವಾದ ಅಪಾಯ ಇರೋದು ಇಲ್ಲಿ. ಲೇಬಲ್ ನೋಡಿ ವರದಿ ಬರೀತಾರೆ. ವರದಿ ನೋಡಿ ಯಾರೋ ಅಂತರ್ಜಾಲಕ್ಕೆ ಹಾಕ್ತಾರೆ. ಮುಂದಿನ ಸಲ ಹೊಸ ಲೇಬಲ್ ಬರೆಯುವವರು ಅಂತರ್ಜಾಲ ನೋಡ್ತಾರೆ. ಈ ಸುತ್ತಿನಲ್ಲಿ ಎಲ್ಲೂ ಕಲ್ಲನ್ನು ಯಾರೂ ಓದಲಿಲ್ಲ, ಆದರೆ ಒಂದೇ ಮಾತು ಮೂರು ಕಡೆ ಸಿಗುವುದರಿಂದ ಅದಕ್ಕೆ ಮೂರು ಆಧಾರ ಇದೆ ಅನಿಸಿಬಿಡುತ್ತೆ. ಐದು ವರದಿಗಳಲ್ಲೂ ಹಲ್ಮಿಡಿ ಶಾಸನ "ಕ್ರಿ.ಶ. 450" ಅಂತ ಮಾತ್ರ ಇದೆ, ಅದರ ಹಿಂದೆ "ಸುಮಾರು" ಇಲ್ಲ. ಆ ಶಾಸನದಲ್ಲಿ ತೇದಿಯೇ ಇಲ್ಲ ಅನ್ನೋದು ಈ ಪುಟ ಓದುವ ನಿಮಗೆಲ್ಲ ಗೊತ್ತು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದ ಮೇಲೆ ಲಿಪಿ, ಭಾಷೆ, ಅದರಲ್ಲಿ ಬರುವ ಕಾಕುಸ್ಥನ ಹೆಸರು ಇವನ್ನೆಲ್ಲ ಇಟ್ಟುಕೊಂಡು ವಿದ್ವಾಂಸರು ಆ ಕಾಲವನ್ನು ಅಂದಾಜು ಮಾಡಿದ್ದು. ಬೇರೆ ಕಾಲ ಹೇಳಿದವರೂ ಇದ್ದಾರೆ. "ಸುಮಾರು" ಅನ್ನೋ ಒಂದು ಪದ ಬಿಟ್ಟುಹೋದರೆ ಆ ಇಡೀ ವಾದ ಬಿಟ್ಟುಹೋಗುತ್ತೆ. ವಿದ್ಯಾರ್ಥಿಗೆ ಸಿಗುವುದು ಬಾಯಿಪಾಠದ ಒಂದು ಸಂಖ್ಯೆ. ಅದು ಸ್ಪರ್ಧಾತ್ಮಕ ಪರೀಕ್ಷೆಗೆ ಆಯ್ತು, ಸಂಶೋಧನೆಗೆ ಆಗಲ್ಲ.

ಹಾಗಾದರೆ ಒಂದು ಕಲ್ಲಿನಿಂದ ವಿದ್ಯಾರ್ಥಿ ಏನು ಕಲಿಯಬಹುದು? ಎಲ್ಲರಿಗೂ ಗೊತ್ತಿರುವ, ಯಾರು ಬೇಕಾದರೂ ಹೋಗಿ ನೋಡಬಹುದಾದ ಒಂದು ಕಲ್ಲನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನ. ಮಂಡ್ಯ ಸೀಮೆಯಿಂದ ಬಂದದ್ದು. ಮೇಲೆ ನಾಯಿಯೂ ಹಂದಿಯೂ ಕಾದಾಡುವ ಕೆತ್ತನೆ, ಸುತ್ತ ಬರಹ.

ಮೊದಲು ತೇದಿ. ಶಕವರ್ಷ 872, ಸೌಮ್ಯ ಸಂವತ್ಸರ ಅಂತ ಇದೆ. ಶಕಕ್ಕೆ 78 ಸೇರಿಸು ಅಂತ ಶಾಲೆಯಲ್ಲಿ ಹೇಳಿಕೊಟ್ಟ ಲೆಕ್ಕ ಮಾಡಿದರೆ 950 ಬರುತ್ತೆ. ಈಗ ಸಂವತ್ಸರದ ಕಡೆಯಿಂದ ಬನ್ನಿ. ಪ್ರಭವ ಸಂವತ್ಸರ 1987ರ ಯುಗಾದಿಗೆ ಶುರುವಾಯಿತು. ಅದರಿಂದ 60ರ ಹದಿನೇಳು ಸುತ್ತು, ಅಂದರೆ 1020 ವರ್ಷ ಹಿಂದೆ ಹೋದರೆ 967, ಇನ್ನೊಂದು ಸುತ್ತು ಹಿಂದೆ ಹೋದರೆ 907. ಸೌಮ್ಯ 43ನೆಯ ಸಂವತ್ಸರ, ಆದ್ದರಿಂದ 907ಕ್ಕೆ 42 ಸೇರಿಸಬೇಕು: 949ರ ಯುಗಾದಿಯಿಂದ 950ರ ಯುಗಾದಿವರೆಗೆ. ಎರಡು ಲೆಕ್ಕಕ್ಕೂ ಒಂದು ವರ್ಷ ವ್ಯತ್ಯಾಸ. ಯಾಕೆ? 872 ಅನ್ನೋದು ಮುಗಿದ ವರ್ಷಗಳ ಎಣಿಕೆಯಲ್ಲ, ನಡೆಯುತ್ತಿರುವ ವರ್ಷ. ನಮಗೆ 25 ತುಂಬಿದ ಮೇಲೆ 26ನೆಯದು ನಡೀತಿದೆ ಅಂತೀವಲ್ಲ, ಹಾಗೆ. ಪುಸ್ತಕಗಳಲ್ಲಿ ಒಂದು ಕಡೆ 949, ಇನ್ನೊಂದು ಕಡೆ 950 ಕಂಡರೆ ಹುಡುಗರು ಯಾವುದೋ ಒಂದು ಅಚ್ಚಿನ ತಪ್ಪು ಅಂದುಕೊಳ್ತಾರೆ. ಹತ್ತು ನಿಮಿಷದ ಈ ಲೆಕ್ಕ ಒಂದು ಸಲ ಕೈಯಾರೆ ಮಾಡಿದ ವಿದ್ಯಾರ್ಥಿ ಜೀವಮಾನದಲ್ಲಿ ಇನ್ನೊಂದು ಲೇಬಲ್‌ನ ತೇದಿಯನ್ನು ಕಣ್ಣುಮುಚ್ಚಿ ಒಪ್ಪಲ್ಲ.

ಆಮೇಲೆ ಒಳಗಿನ ವಿಷಯ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಕಾದಿದ ಸಂದರ್ಭ. ಗಂಗ ಇಮ್ಮಡಿ ಬೂತುಗ, ಅವನ ವೀರ ಮಣಲೆರ. ಮೆಚ್ಚಿದೆ, ಏನು ಬೇಕು ಕೇಳು ಅಂದರೆ ಮಣಲೆರ ಊರು ಕೇಳಲಿಲ್ಲ, ಕಾಳಿ ಅನ್ನೋ ನಾಯಿ ಕೇಳಿದ. ಆ ನಾಯಿ ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಅಂತ ಶಾಪವೂ ಇದೆ. ದೊಡ್ಡ ರಾಜಕೀಯ, ಸಣ್ಣ ಊರು, ಪೂಜಾರಿಯ ಜವಾಬ್ದಾರಿ, ಪ್ರಾಣಿಯ ಮೇಲಿನ ಪ್ರೀತಿ ಎಲ್ಲ ಒಂದೇ ಕಲ್ಲಿನಲ್ಲಿ. ಚೋಳರ ಕಡೆಯ ಶಾಸನಗಳ ಜೊತೆ ಇದನ್ನಿಟ್ಟು ತಕ್ಕೋಲದ ಯುದ್ಧವನ್ನು ನೋಡಬಹುದು. ಇತಿಹಾಸದ ವಿದ್ಯಾರ್ಥಿಗೆ ಆಧಾರ ಅಂದ್ರೆ ಏನು ಅಂತ ಕಲಿಸೋಕೆ ಇದಕ್ಕಿಂತ ಒಳ್ಳೆಯ ಪಾಠ ಇದೆಯಾ? 34 ಕಲ್ಲಿನ ಕೋಷ್ಟಕ ಮಾಡಿದವನಿಗೆ ಇದು ಒಂದು ಸಾಲು ಅಷ್ಟೇ: ವೀರಗಲ್ಲು, 10ನೇ ಶತಮಾನ, ಕಲ್ಲು.

ಈಗ ಆರನೆಯ ವರದಿಗೆ ಬರ್ತೀನಿ. ಹುಡುಗಿ ಬಿ.ಎ. ಓದುತ್ತಿರುವವಳು. ದಿನಾ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಮೊದಲ ವಾರ ಅವಳೂ ಕೋಷ್ಟಕ ತುಂಬಿದಳು. ಎರಡನೇ ವಾರ ಒಂದು ಕಲ್ಲಿನ ಮುಂದೆ ನಿಂತುಬಿಟ್ಟಳು. ಅದರ ಲೇಬಲ್ ಹೀಗಿತ್ತು: "ರಣರಂಗದಲ್ಲಿ ಹೋರಾಡಿ ಮಡಿದ ಸೇನಾಧಿಕಾರಿಯ ಸ್ಮಾರಕ". ಏಳು ಸಾಲಿನ ಬರಹ, ಬಲಗಡೆ ಅಂಚು ಒಡೆದು ಪ್ರತಿ ಸಾಲಿನ ಕೊನೆಯ ಕೆಲವು ಅಕ್ಷರ ಹೋಗಿವೆ. ವರದಿಯಲ್ಲಿ ಅವಳು ಬರೆದಿರುವ ಮೊದಲ ವಾಕ್ಯವೇ ನನ್ನನ್ನು ಹಿಡಿದು ನಿಲ್ಲಿಸಿತು: ಕೆಳಗಿನ ಪಟ್ಟಿಕೆಯ ಅರ್ಧ ಭಾಗ ಸಿಮೆಂಟ್ ಪೀಠದೊಳಗೆ ಹೂತಿದೆ, ಸಿಮೆಂಟಿನ ಮೇಲೆ ಐದು ಉಬ್ಬುಗಳು ಮಾತ್ರ ಕಾಣುತ್ತವೆ, ಅವು ಏನು ಅಂತ ಗೊತ್ತಾಗಲಿಲ್ಲ.

ಉಳಿದ ಐದು ಜನ ಅದೇ ಕಲ್ಲಿನ ಫೋಟೊ ಹಾಕಿದ್ದಾರೆ. ಐದು ಫೋಟೊದಲ್ಲೂ ಆ ಉಬ್ಬುಗಳಿವೆ. ಯಾರೂ ಬರೆದಿಲ್ಲ.

ಅವಳು ಲಿಪಿಪಟ ಇಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಬರೆದುಕೊಂಡಳು. ಪದಗಳ ನಡುವೆ ಜಾಗ ಬಿಡದ ಬರಹ ಅದು, ಎಲ್ಲಿ ಒಡೆಯಬೇಕು ಅನ್ನೋದೇ ಅರ್ಧ ಓದು. ಆ ಕಾಲದ ಲಿಪಿಯಲ್ಲಿ ಮಕಾರ ವಕಾರ ಒಂದಕ್ಕೊಂದು ಅಂಟಿಕೊಂಡ ಹಾಗೆ ಇರ್ತವೆ, ಅವಳು ಎಡವಿದ್ದಾಳೆ. ನಾನೂ ಶುರುವಿನಲ್ಲಿ ಎಷ್ಟು ಸಲ ಎಡವಿದೀನೋ ಲೆಕ್ಕವಿಲ್ಲ. ಮೂರನೇ ಸಾಲಿನಲ್ಲಿ ಅವಳಿಗೆ ಒಂದು ಱ ಸಿಕ್ಕಿತು. ಶಕಟರೇಫ ಅಂತ ಪುಸ್ತಕದಲ್ಲಿ ಓದಿದ್ದಳು, ನೋಡಿರಲಿಲ್ಲ. ಅದರ ಹಿಂದೆ ತು. "ತುಱು". ಅಂದರೆ ದನ.

ಅವತ್ತು ಸಂಜೆ ಫೋನ್ ಮಾಡಿ "ಸರ್, ಸಿಮೆಂಟಿನಲ್ಲಿ ಹೂತಿರೋದು ಹಸುಗಳ ಬೆನ್ನು ಇರಬಹುದಾ?" ಅಂದಳು. ಇದೇ ಪ್ರಶ್ನೆ. ಈ ಒಂದು ಪ್ರಶ್ನೆ ಹುಟ್ಟಿಸದ ಇಂಟರ್ನ್‌ಶಿಪ್ಪಿಗೆ ಸಂಶೋಧನೆ ಅನ್ನುವ ಹೆಸರು ಯಾಕೆ?

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಉತ್ಸಾಹದಲ್ಲಿ ಅವತ್ತು ರಾತ್ರಿಯೇ ಎಪಿಗ್ರಾಫಿಯಾ ಕರ್ನಾಟಿಕಾ ಹುಡುಕಿ ಪ್ರಕಟಿತ ಪಾಠದ ಪುಟ ಕಳಿಸಿಬಿಟ್ಟೆ. ಪಾಠದಲ್ಲಿ ತುಱು ಇತ್ತು, ಅವಳ ಓದು ಸರಿ. ಆದರೆ ಆಗ ಅವಳು ಮೂರು ಸಾಲು ಮಾತ್ರ ಓದಿದ್ದಳು. ಉಳಿದ ನಾಲ್ಕು ಸಾಲನ್ನು ಅವಳು ಕಲ್ಲಿನಿಂದ ಓದಿದಳೋ, ನಾನು ಕಳಿಸಿದ ಪುಟದಿಂದ ಓದಿ ಕಲ್ಲಿನ ಮೇಲೆ ಕಂಡಳೋ, ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉತ್ತರ ಗೊತ್ತಾದ ಮೇಲೆ ಸವೆದ ಅಕ್ಷರ ಕಣ್ಣಿಗೆ ಕಂಡೇ ಕಾಣುತ್ತೆ. ವರದಿಯಲ್ಲಿ ಐದನೇ ಸಾಲಿನ ಎರಡು ಖಾಲಿ ಜಾಗಗಳನ್ನು ಅವಳು ಆವರಣ ಹಾಕದೆ ತುಂಬಿದ್ದಾಳೆ, ಆ ತಪ್ಪಿನ ಅರ್ಧ ಪಾಲು ನನ್ನದು. ಇಂಟರ್ನ್‌ಗಳಿಗೆ ಮಾರ್ಗದರ್ಶನ ಮಾಡುವ ಗೆಳೆಯರೇ, ಸ್ವಂತ ಓದು ಮುಗಿಸಿ ಸಹಿ ಹಾಕಿ ತೇದಿ ಬರೆದು ಕೊಡುವವರೆಗೂ ಪ್ರಕಟಿತ ಪಾಠ ತೋರಿಸಬೇಡಿ. ನನ್ನ ಹಾಗೆ ಅವಸರ ಮಾಡಬೇಡಿ.

ಪ್ರಕಟಿತ ಪಾಠದಿಂದ ಇನ್ನೊಂದು ಲಾಭ ಆಯ್ತು. ಮ್ಯೂಸಿಯಂ ರಿಜಿಸ್ಟರಿನಲ್ಲಿ ಆ ಕಲ್ಲಿಗೆ ತಾಲ್ಲೂಕಿನ ಹೆಸರು ಮಾತ್ರ ಇತ್ತು, ಸಂಪುಟದಲ್ಲಿ ಊರಿನ ಹೆಸರೂ, ಕಲ್ಲು ಆಗ ನಿಂತಿದ್ದ ಜಾಗವೂ ಇತ್ತು. ಬಿ.ಎಲ್. ರೈಸ್ ಅವರ ಕಾಲದಿಂದ ಬಂದ ಈ ಶಿಸ್ತು ನಮಗೆ ಎಷ್ಟು ದೊಡ್ಡ ಆಸ್ತಿ ಅನ್ನೋದನ್ನು ಮರೆಯಬಾರದು. 1886ರಿಂದ 1905ರವರೆಗೆ ಹನ್ನೆರಡು ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ, ಪ್ರತಿಯೊಂದಕ್ಕೂ ತಾಲ್ಲೂಕು, ನಂಬರು, ಊರು, ಜಾಗ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಪರಿಷ್ಕೃತ ಸಂಪುಟಗಳನ್ನು ತಂದಾಗ ಸಂಪುಟದ ಸಂಖ್ಯೆಗಳು ಬದಲಾದವು. ಹಾಗಾಗಿ ಒಂದೇ ಕಲ್ಲಿಗೆ ಹಳೆಯ ನಂಬರು ಒಂದು, ಹೊಸ ನಂಬರು ಒಂದು. ಹೊಸಬರು ಇದನ್ನು ಎರಡು ಕಲ್ಲು ಅಂತ ಎಣಿಸಿದ್ದನ್ನು ನೋಡಿದ್ದೇನೆ. ಯಾವುದೇ ಮ್ಯೂಸಿಯಂ ತನ್ನ ಕಲ್ಲುಗಳಿಗೆ ಹಳೆ ನಂಬರು, ಹೊಸ ನಂಬರು, ಮೂಲ ಊರು ಈ ಮೂರನ್ನು ಹೊಂದಿಸುವ ಕೆಲಸವನ್ನು ಇಂಟರ್ನ್‌ಗಳಿಗೆ ಕೊಟ್ಟರೆ ಎರಡು ಬೇಸಿಗೆಯಲ್ಲಿ ಒಂದು ಸಂಗ್ರಹದ ಚರಿತ್ರೆ ಸಿದ್ಧವಾಗುತ್ತೆ. ಅದು ನಿಜವಾಗಿ ಉಪಯೋಗಕ್ಕೆ ಬರುವ ಕೋಷ್ಟಕ.

ಹುಡುಗಿ ಒಂದು ಭಾನುವಾರ ಆ ಊರಿಗೆ ಹೋದಳು. ಯಾರೂ ಹೇಳಿರಲಿಲ್ಲ, ಯಾರೂ ಬಸ್ ಚಾರ್ಜೂ ಕೊಡಲಿಲ್ಲ. ಕೆರೆ ಏರಿಯ ಪಕ್ಕದ ಜಾಗವನ್ನು ಒಬ್ಬ ಅಜ್ಜ ತೋರಿಸಿದರಂತೆ. ಅವರು ಚಿಕ್ಕವರಿದ್ದಾಗ ಅಲ್ಲೊಂದು "ದನದ ಕಲ್ಲು" ಇತ್ತು, ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಮೊದಲು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದರು, ಒಂದು ದಿನ ಲಾರಿ ಬಂದು ತಗೊಂಡು ಹೋಯಿತು ಅಂದರಂತೆ. "ಅದು ಇದ್ಯಾ ಇನ್ನೂ?" ಅಂತ ಕೇಳಿದರಂತೆ.

ನಮ್ಮಂಥವರು ಇಂಥಾ ಮಾತು ಕೇಳಿ ಕೂಡಲೇ ಕರಗಿಬಿಡಬಾರದು. ಊರಿನವರ ನೆನಪು ಸಾವಿರ ವರ್ಷದ್ದು ಅಂತ ಹೇಳೋಕೆ ಆಧಾರ ಇಲ್ಲ. ಕಲ್ಲಿನ ಮೇಲೆ ಹಸುಗಳ ಕೆತ್ತನೆ ಕಂಡು ನಡುವೆ ಯಾವಾಗಲೋ ಆ ಪೂಜೆ ಶುರುವಾಗಿರಬಹುದು. ವರದಿಯಲ್ಲಿ ಅವಳು ಇದನ್ನು "ಅವಿಚ್ಛಿನ್ನ ಪರಂಪರೆ" ಅಂತ ಬರೆದಿದ್ದಾಳೆ, ಅದಕ್ಕೆ ನಾನು ಗೀಟು ಹಾಕಿದ್ದೇನೆ. ಆದರೆ ಇಷ್ಟಂತೂ ಗಟ್ಟಿ: ಓದು ಬರಹ ಇಲ್ಲದ ಊರಿನವರು ಕಲ್ಲು ನೋಡಿ ದನದ ಕಲ್ಲು ಅಂದರು. ಮ್ಯೂಸಿಯಂನಲ್ಲಿ ನಾವು ಅದರ ಹಸುಗಳನ್ನು ಸಿಮೆಂಟಿನಲ್ಲಿ ಮುಚ್ಚಿ ಸೇನಾಧಿಕಾರಿ ಅಂದೆವು. ಸತ್ತವನು ಯಾವ ರಾಜನ ಸೇನಾಧಿಕಾರಿಯೂ ಅಲ್ಲ. ಕದ್ದೊಯ್ದ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಸತ್ತವನು. ಅವನಿಗೆ ಕಲ್ಲು ನಿಲ್ಲಿಸಿದ್ದು ಅದಕ್ಕಾಗಿ. ಕಲ್ಲು ನಿಲ್ಲಿಸಿದವರು ಹೇಳಬೇಕು ಅಂದುಕೊಂಡ ಒಂದೇ ಒಂದು ಸಂಗತಿಯನ್ನು ನಮ್ಮ ಲೇಬಲ್ ಅಳಿಸಿಹಾಕಿತ್ತು.

ಈಗ ಅಂಕಗಳ ವಿಷಯ. ಕಾಲೇಜಿನವರು ಮೌಲ್ಯಮಾಪನ ಮಾಡಿದಾಗ ಆರರಲ್ಲಿ ಅತಿ ಕಡಿಮೆ ಬಂದದ್ದು ಇವಳಿಗೇ. ಕಾರಣ: "ವ್ಯಾಪ್ತಿ ಸೀಮಿತ. ಒಂದೇ ವಸ್ತುವಿನ ಅಧ್ಯಯನ." 34 ಕಲ್ಲಿನವನಿಗೆ ಅತಿ ಹೆಚ್ಚು. ನಾನು ಬರೆದ ಎರಡು ಪುಟ ಅಭಿಪ್ರಾಯ ಮ್ಯೂಸಿಯಂಗೆ ತಲುಪುವ ಹೊತ್ತಿಗೆ ಅಂಕಪಟ್ಟಿ ಹೋಗಿಯಾಗಿತ್ತು. ಕೆಲಸದಲ್ಲಿ ನಾವು ಒಂದು ಸೇತುವೆಯ ಒಂದು ತೊಲೆಯನ್ನು ಸರಿಯಾಗಿ ಪರೀಕ್ಷೆ ಮಾಡಿದವನನ್ನು ನಂಬ್ತೀವಿ, ಮೂವತ್ತನಾಲ್ಕು ಸೇತುವೆ ಮೇಲೆ ಓಡಾಡಿ ಬಂದವನನ್ನಲ್ಲ. ಇಲ್ಲಿ ಮಾತ್ರ ಲೆಕ್ಕ ಉಲ್ಟಾ.

ಇನ್ನು "ಶಿಕ್ಷಣ" ಅನ್ನುವ ಭಾಗ. ಇಂಟರ್ನ್‌ಗಳು ಶಾಲಾ ಮಕ್ಕಳ ತಂಡಗಳನ್ನು ಅಂಗಳ ಸುತ್ತಿಸಬೇಕು. ಅದಕ್ಕೊಂದು ಸಿದ್ಧ ಮಾತು ಬರೆದು ಕೊಟ್ಟಿದ್ದರು, ಐದು ವರದಿಗಳಲ್ಲೂ ಅದು ಅನುಬಂಧವಾಗಿ ಇದೆ. ವೀರಗಲ್ಲಿಗೆ ಮೂರು ಹಂತ: ಕೆಳಗೆ ಯುದ್ಧ, ನಡುವೆ ಅಪ್ಸರೆಯರು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ. ಮಾತು ತಪ್ಪಲ್ಲ, ಎಷ್ಟೋ ಕಲ್ಲುಗಳು ಹಾಗೇ ಇವೆ. ಆದರೆ ಆ ಅಂಗಳದಲ್ಲೇ ಒಂದೇ ಪಟ್ಟಿಕೆಯ ಕಲ್ಲುಗಳಿವೆ, ಅವುಗಳ ಮುಂದೆಯೂ ಮೂರು ಹಂತದ ಮಾತೇ ನಡೆದಿದೆ. ಕೊನೆಗೆ ರಸಪ್ರಶ್ನೆ: ಕನ್ನಡದ ಮೊದಲ ಶಾಸನ ಯಾವುದು? ಮಕ್ಕಳಿಗೆ ಅದು ಬಂದಾಗಲೇ ಗೊತ್ತಿತ್ತು.

ಒಂದು ವರದಿಯಲ್ಲಿ ಮಾತ್ರ ಒಬ್ಬ ಇಂಟರ್ನ್ ಪ್ರಾಮಾಣಿಕವಾಗಿ ಒಂದು ಘಟನೆ ಬರೆದಿದ್ದಾನೆ. ಆರನೇ ಕ್ಲಾಸಿನ ಒಬ್ಬ ಹುಡುಗ ಕೇಳಿದನಂತೆ: "ಅಣ್ಣಾ, ಸತ್ತವನ ಹೆಸರು ಇದರಲ್ಲಿ ಎಲ್ಲಿದೆ, ತೋರಿಸಿ." ಇಂಟರ್ನ್‌ಗೆ ತೋರಿಸಲು ಆಗಲಿಲ್ಲ. "ಮೇಲ್ಗಡೆ ಎಲ್ಲೋ ಇರುತ್ತೆ" ಅಂದನಂತೆ. ಅದನ್ನು ಅವನು "ಸವಾಲುಗಳು" ಅನ್ನುವ ತಲೆಬರಹದ ಕೆಳಗೆ ಬರೆದಿದ್ದಾನೆ. ಐದು ವರದಿಗಳಲ್ಲಿ ನನಗೆ ಅತ್ಯಂತ ಇಷ್ಟವಾದ ವಾಕ್ಯ ಅದು. ಇಡೀ ಶಾಸನಾಧ್ಯಯನ ಶುರುವಾಗೋದು ಆ ಪ್ರಶ್ನೆಯಿಂದ, ಬೆರಳಿಟ್ಟು ತೋರಿಸಿ ಅನ್ನುವುದರಿಂದ. ಆ ಮಗು ತನ್ನ ಮಾತೃಭಾಷೆಯ ಸಾವಿರ ವರ್ಷದ ಹಿಂದಿನ ಅಕ್ಷರದ ಮುಂದೆ ನಿಂತಿತ್ತು. ಒಂದೇ ಒಂದು ಅಕ್ಷರ, ಒಂದು "ನ"ಕಾರವನ್ನಾದರೂ ತೋರಿಸಿ ಇದು ನಿನ್ನ ಹೆಸರಲ್ಲಿರೋ ಅಕ್ಷರವೇ ಅಂದಿದ್ದರೆ ಸಾಕಿತ್ತು.

ಮ್ಯೂಸಿಯಂನವರ ಪಕ್ಷವನ್ನೂ ಹೇಳಬೇಕು. ಅಲ್ಲಿನ ಅಧಿಕಾರಿ ನನ್ನ ಜೊತೆ ಅರ್ಧ ಗಂಟೆ ಮನಸ್ಸು ಬಿಚ್ಚಿ ಮಾತಾಡಿದರು. ಅವರ ಮೇಲೆ ಕಟ್ಟಡ, ಟಿಕೆಟ್ಟು, ಭದ್ರತೆ, ಗಣ್ಯರ ಭೇಟಿ ಎಲ್ಲವೂ ಇದೆ. ಹಳಗನ್ನಡ ಲಿಪಿ ಓದಬಲ್ಲ ಸಿಬ್ಬಂದಿ ಒಬ್ಬರೂ ಇಲ್ಲ, ಇದ್ದವರು ನಿವೃತ್ತರಾದ ಮೇಲೆ ಆ ಜಾಗ ಖಾಲಿ. ಕಾಲೇಜಿನಿಂದ ಪತ್ರ ಬರುತ್ತೆ, ಇಷ್ಟು ಜನರನ್ನು ತಗೊಳ್ಳಿ ಅಂತ. ಬೇಡ ಅನ್ನೋಕಾಗಲ್ಲ. ಬಂದ ಹುಡುಗರಿಗೆ ಏನಾದರೂ ಕೆಲಸ ಕೊಡಬೇಕು. ಕೋಷ್ಟಕಕ್ಕೆ ಮೇಲ್ವಿಚಾರಣೆ ಬೇಕಿಲ್ಲ, ಅದಕ್ಕೇ ಕೋಷ್ಟಕ. ಈ ಮಾತು ಸುಳ್ಳಲ್ಲ. ಆದರೆ ಮೇಲ್ವಿಚಾರಣೆ ಬೇಡದ ಕೆಲಸದಿಂದ ಕಲಿಕೆಯೂ ಆಗಲ್ಲ ಅನ್ನೋದು ಅಷ್ಟೇ ನಿಜ. ಲಿಪಿ ಗೊತ್ತಿರುವವರು ಮ್ಯೂಸಿಯಂನ ಹೊರಗೆ ಈಗ ಬೇಕಾದಷ್ಟು ಜನ ಇದ್ದಾರೆ. ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ ಅದನ್ನು ತ್ರೀಡಿ ಸ್ಕ್ಯಾನ್ ಮಾಡಿಸಿ, ಓದಿ, ಮಂಟಪ ಕಟ್ಟಿ ಉಳಿಸಿಕೊಂಡ ಕೆಲಸದಲ್ಲಿ ಹವ್ಯಾಸಿಗಳೂ ಅಲ್ಲಿನ ನಿವಾಸಿಗಳೂ ಕೈಜೋಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೀಡಿ ಡಿಜಿಟಲ್ ಸಂರಕ್ಷಣೆಯ ಕೆಲಸವಂತೂ ನಿಮಗೆ ಗೊತ್ತೇ ಇದೆ. ವಾರಕ್ಕೆ ಒಂದು ಮಧ್ಯಾಹ್ನ ಬಂದು ಹುಡುಗರ ಜೊತೆ ಕಲ್ಲಿನ ಮುಂದೆ ಕೂರೋಕೆ ನಮ್ಮಲ್ಲಿ ಜನ ಸಿಗ್ತಾರೆ. ಕರೆಯಬೇಕಷ್ಟೆ.

ಬರೀ ತಪ್ಪು ಹುಡುಕಿ ಎದ್ದು ಹೋಗಬಾರದು, ಆದ್ದರಿಂದ ಒಂದು ಅಂದಾಜು ಕೊಡುತ್ತೇನೆ. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ ಅಂದರೆ 30 ಗಂಟೆ ಕೆಲಸ. ನಾಲ್ಕು ಕ್ರೆಡಿಟ್ ಅಂದರೆ 120 ಗಂಟೆ. ಒಬ್ಬ ವಿದ್ಯಾರ್ಥಿ, ಒಂದು ಕಲ್ಲು. ಲಿಪಿ ಕಲಿಯಲು 20 ಗಂಟೆ. ಕಲ್ಲಿನ ಮುಂದೆ ಸ್ವಂತ ಓದಿಗೆ 30, ಬೆಳಗಿನ ಓರೆ ಬೆಳಕಲ್ಲಿ ಒಂದಷ್ಟು, ಸಂಜೆ ಟಾರ್ಚು ಹಿಡಿದು ಒಂದಷ್ಟು. ಪ್ರಕಟಿತ ಪಾಠದ ಜೊತೆ ಹೋಲಿಕೆಗೆ 15. ರಿಜಿಸ್ಟರು, ಸಂಪುಟ, ಮೂಲ ಊರಿನ ಹುಡುಕಾಟಕ್ಕೆ 15. ಊರಿಗೆ ಹೋಗಿ ಬರಲು 10. ಲೇಬಲ್ ಬರೆದು, ಮಕ್ಕಳ ಮುಂದೆ ಹೇಳಿ ನೋಡಿ, ತಿದ್ದಿ ಮತ್ತೆ ಬರೆಯಲು 20. ವರದಿಗೆ 10. ಒಟ್ಟು 120. ಆರು ಜನ ಇದ್ದರೆ ಒಂದು ಬೇಸಿಗೆಗೆ ಆರು ಕಲ್ಲು. ಕಡಿಮೆ ಅನಿಸಬಹುದು. ಹತ್ತು ವರ್ಷಕ್ಕೆ ಅರವತ್ತು ಕಲ್ಲಾಯಿತು, ಅಂಥಾ ಎಷ್ಟೋ ಅಂಗಳಗಳ ಪೂರ್ತಿ ಸಂಗ್ರಹ ಅಷ್ಟೇ ಇರೋದು.

ಇದರ ಜೊತೆ ಮೂರು ಷರತ್ತು. ಒಂದು, ಪ್ರಯಾಣದ ಖರ್ಚನ್ನಾದರೂ ಕೊಡಬೇಕು. ಆರು ಜನರಲ್ಲಿ ಒಬ್ಬ ಸಂಜೆ ಡೆಲಿವರಿ ಕೆಲಸ ಮಾಡಿಕೊಂಡು ಬರುತ್ತಿದ್ದ, ಅವನ ವರದಿ ಎಲ್ಲಕ್ಕಿಂತ ತೆಳ್ಳಗಿರುವುದಕ್ಕೆ ಅವನ ಬುದ್ಧಿ ಕಾರಣವಲ್ಲ. ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ ಸಂಶೋಧನೆ ಅಂತಾದರೆ ಹಳ್ಳಿಯ ಕಲ್ಲನ್ನು ಹಳ್ಳಿಯ ಮಕ್ಕಳು ಓದುವುದು ಯಾವಾಗ? ಎರಡು, ಹೊರಗಿನ ಓದುಗರ ಅಭಿಪ್ರಾಯ ಅಂಕ ಕೊಡುವ ಮೊದಲು ಬರಬೇಕು, ಆಮೇಲಲ್ಲ. ಮೂರು, ಇಂಟರ್ನ್ ಒಬ್ಬ ಲೇಬಲ್ಲಿನ ತಪ್ಪು ತೋರಿಸಿದರೆ ಮ್ಯೂಸಿಯಂ ಅದನ್ನು ಪರಿಶೀಲಿಸಿ ಒಪ್ಪಿದೆಯೋ ಇಲ್ಲವೋ ಅಂತ ಇಂತಿಷ್ಟು ದಿನದಲ್ಲಿ ಬರಹದಲ್ಲಿ ಉತ್ತರ ಕೊಡಬೇಕು. ಒಪ್ಪದಿದ್ದರೂ ಪರವಾಗಿಲ್ಲ, ಕಾರಣ ಹೇಳಲಿ. ಅದೂ ಒಂದು ಪಾಠವೇ.

ಸೇನಾಧಿಕಾರಿಯ ಲೇಬಲ್ ನಾನು ಕಳೆದ ತಿಂಗಳು ಹೋದಾಗಲೂ ಹಾಗೇ ಇತ್ತು. ಎಲ್ಲ ಲೇಬಲ್ಲುಗಳನ್ನೂ ಒಟ್ಟಿಗೆ ಅಚ್ಚು ಹಾಕಿಸುವಾಗ ಬದಲಾಯಿಸುತ್ತೇವೆ ಅಂದಿದ್ದಾರೆ. ಸಿಮೆಂಟ್ ಪೀಠ ಒಡೆಯುವುದು ದೊಡ್ಡ ಕೆಲಸ, ಕಲ್ಲಿಗೇ ಪೆಟ್ಟಾಗಬಹುದು, ಅದಕ್ಕೆ ಸಂರಕ್ಷಣೆ ಗೊತ್ತಿರುವವರೇ ಬರಬೇಕು. ಅವಸರ ಬೇಡ ಅಂತ ನಾನೂ ಹೇಳಿದೆ. ಆದರೆ ಒಂದು ಎ4 ಹಾಳೆಯಲ್ಲಿ "ತುಱು" ಅಂತ ಬರೆದು ಪಕ್ಕಕ್ಕೆ ಅಂಟಿಸೋಕೆ ಯಾವ ಬಜೆಟ್ಟೂ ಬೇಡ. ಹುಡುಗಿ ಈಗ ಬಿ.ಎಡ್. ಸೇರುವ ತಯಾರಿಯಲ್ಲಿದ್ದಾಳೆ. ಎಪಿಗ್ರಫಿ ಡಿಪ್ಲೊಮಾ ಮಾಡು ಅಂದೆ, "ನೋಡೋಣ ಸರ್" ಅಂದಳು. ಅವಳ ವರದಿಯ ಒಂದು ಪ್ರತಿ ಕಾಲೇಜಿನ ಬೀರುವಿನಲ್ಲಿದೆ, ಒಂದು ಮ್ಯೂಸಿಯಂನ ಬೀರುವಿನಲ್ಲಿ, ಒಂದು ನನ್ನ ಹತ್ತಿರ. ಮೂರನೆಯದನ್ನು ಆ ಊರಿನ ಅಜ್ಜನಿಗೆ ಮುಟ್ಟಿಸಬೇಕು ಅಂತಿದ್ದೇನೆ. ಕಲ್ಲು ಇನ್ನೂ ಇದೆ ಅಂತ ಅವರಿಗೆ ಗೊತ್ತಾಗಲಿ.

ಮುಂದಿನ ಬೇಸಿಗೆಗೆ ನಿಮ್ಮಲ್ಲಿ ಯಾರಿಗಾದರೂ ಇಂಥಾ ವರದಿ ಓದಲು ಕರೆ ಬಂದರೆ ಮೊದಲ ಪುಟದಲ್ಲೇ ಒಂದು ಪ್ರಶ್ನೆ ಬರೆದು ವಾಪಸ್ ಕಳಿಸಿ: ಕಲ್ಲಿನಲ್ಲಿ ಎಷ್ಟು ಸಾಲು ಇದೆ? ಉತ್ತರಕ್ಕಾಗಿ ವಿದ್ಯಾರ್ಥಿ ಮತ್ತೆ ಕಲ್ಲಿನ ಹತ್ತಿರ ಹೋಗಲೇಬೇಕಾಗುತ್ತೆ.